ಬಚ್ಚಲುಮನೆಗೆ ಪಾಲಿಶ್ ಮಾಡಿದ ಸಿಮೆಂಟ್ ನೆಲ ಆಗುತ್ತದಾ? ಗೊತ್ತಿದ್ದವರು ಹೇಳಿ

ಕಾನುಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಹಳೇ ಮನೆಯ ಬಚ್ಚಲನ್ನು ಕಿತ್ತು ಹೊಸದಾಗಿ ಮಾಡಿಸುತ್ತಿದ್ದೇವೆ. ಒಳಗಿನ ಅಳತೆ 5 ಅಡಿ ಅಗಲ, 8 ಅಡಿ ಉದ್ದ. ನೆಲದ ಕೆಳಗೆ ಮಣ್ಣೇ, ಸ್ಲ್ಯಾಬ್ ಇಲ್ಲ. ಟಾಯ್ಲೆಟ್ ಬೇರೆ ಕಡೆ ಇದೆ. ಒಂದು ಮೂಲೆಯಲ್ಲಿ ಹಂಡೆ ಒಲೆ. ಅದನ್ನು ತೆಗೆಯುವ ಮಾತೇ ಇಲ್ಲ, ಅಡಿಕೆ ತೋಟದ ಸೋಗೆ, ಹಾಳೆ ಎಲ್ಲ ಅಲ್ಲೇ ಉರಿಯಬೇಕು.

ನನಗೆ ಟೈಲ್ಸ್ ಬೇಡ. ಬೂದು ಬಣ್ಣದ ಸಿಮೆಂಟ್ ನೆಲ ಬೇಕು. ಕೈಯಿಂದ ಮಾಡಿದ್ದು ಅಂತ ನೋಡಿದ ಕೂಡಲೇ ಗೊತ್ತಾಗಬೇಕು. ಕರಣೆ ಆಡಿದ ಗುರುತು ಇರಲಿ, ಬಣ್ಣ ಒಂದು ಕಡೆ ಗಾಢ, ಒಂದು ಕಡೆ ತಿಳಿ ಇರಲಿ, ಮರಳಿನ ಕಾಳು ಅಲ್ಲಲ್ಲಿ ಕಾಣಲಿ. ಆದರೆ ಕಾಲಿಗೆ ಒರಟಾಗಬಾರದು.

ನಮ್ಮ ಮೇಸ್ತ್ರಿ ಹೇಳುವುದು ಹೀಗೆ: "ಮಾಮೂಲಿ ಕಾಂಕ್ರೀಟ್ ಹಾಕಿ, ಮೇಲೆ ಒಣ ಸಿಮೆಂಟ್ ಉದುರಿಸಿ ಕರಣೆಯಲ್ಲಿ ನೈಸ್ ಮಾಡಿ ಕೊಡ್ತೇನೆ. ಎರಡು ದಿನದ ಕೆಲಸ." ಹುಬ್ಬಳ್ಳಿಯ ಒಳಾಂಗಣದವರೊಬ್ಬರನ್ನು ಕೇಳಿದೆ. ಅವರು 2-3 ಮಿಲಿಮೀಟರ್ ದಪ್ಪದ ಮೈಕ್ರೋ ಕಾಂಕ್ರೀಟ್ ಲೇಪನ ಹಾಕಿಸಿ ಅಂದರು. ಅದರ ರೇಟು ಕೇಳಿ ಸುಮ್ಮನಾದೆ. ನೆಂಟರಲ್ಲಿ ಅರ್ಧ ಜನ "ಬಚ್ಚಲಿಗೆ ಅದೆಲ್ಲ ಯಾಕೆ" ಅನ್ನುತ್ತಿದ್ದಾರೆ.

ನನ್ನ ದೊಡ್ಡ ಚಿಂತೆ ನಮ್ಮ ಆಯಿಯದ್ದು. ಅವರಿಗೆ 76 ವರ್ಷ. ದಿನಾ ಇದೇ ಬಚ್ಚಲಲ್ಲಿ ಸ್ನಾನ. ಪಾಲಿಶ್ ಅಂದ ಕೂಡಲೇ ಜಾರುತ್ತದೆ ಅನ್ನುವ ಭಯ. ಇನ್ನೊಂದು ಬಿರುಕು. ಹಳೇ ಬಚ್ಚಲಿನ ಸಿಮೆಂಟ್ ನೆಲ ಮೂಲೆಯಿಂದ ಮೂಲೆಗೆ ಬಿಟ್ಟುಕೊಂಡಿತ್ತು. ಅನುಭವ ಇದ್ದವರು ದಯವಿಟ್ಟು ವಿವರವಾಗಿ ಬರೆಯಿರಿ.

ಕೆಂಪುನೆಲ, ಕುಂದಾಪುರ

ನಮ್ಮ ಮನೆಯಲ್ಲಿ ಜಗಲಿ, ನಡುಮನೆ, ದೇವರ ಕೋಣೆ ಎಲ್ಲ ಕೆಂಪು ರೆಡ್ ಆಕ್ಸೈಡ್ ನೆಲ. ಅಜ್ಜನ ಕಾಲದ್ದು, ಇವತ್ತಿಗೂ ಮುಖ ಕಾಣುತ್ತದೆ. ಆದರೆ ಬಚ್ಚಲಿಗೆ ಹಿರಿಯರು ಅದನ್ನು ಹಾಕಿಸಲಿಲ್ಲ. ನೀರು ಬೀಳುವ ಕಡೆ ಕಲ್ಲು ಚಪ್ಪಡಿ ಹಾಸಿದ್ದಾರೆ. ಕಲ್ಲು ಸ್ವಲ್ಪ ತರಿ ಇರುವುದರಿಂದ ಕಾಲು ಹಿಡಿಯುತ್ತದೆ, ಬಿಸಿನೀರಿಗೂ ಏನೂ ಆಗುವುದಿಲ್ಲ. ವಯಸ್ಸಾದವರು ಇರುವ ಮನೆಯಲ್ಲಿ ನಾನಾದರೆ ಕಲ್ಲೇ ಹಾಕಿಸುತ್ತೇನೆ. ಸಿಮೆಂಟೇ ಬೇಕು ಅಂದರೆ ಹೊಳಪಿನ ಆಸೆ ಬಿಡಿ. ನಮ್ಮ ಜಗಲಿಯ ಮೇಲೆ ಮಳೆಗಾಲದಲ್ಲಿ ಒದ್ದೆ ಕಾಲಿಟ್ಟು ಬಿದ್ದವರು ಮನೆಯಲ್ಲಿ ಎಲ್ಲರೂ ಇದ್ದೇವೆ.

ಮೊಸಾಯಿಕ್ ಮೆಷಿನ್, ಮೈಸೂರು

ನಮ್ಮದು ನೆಲ ಉಜ್ಜುವ ಕೆಲಸ. ಅಪ್ಪ ಮೊಸಾಯಿಕ್ ಹಾಕಿ ಪಾಲಿಶ್ ಮಾಡುತ್ತಿದ್ದರು. ನಾನು ಈಗ ಮೊಸಾಯಿಕ್, ಗ್ರಾನೈಟ್, ಕಾಂಕ್ರೀಟ್ ಮೂರನ್ನೂ ಮಾಡುತ್ತೇನೆ. ನೀವು ಹೇಳಿದ ನೆಲ ಬಚ್ಚಲಿಗೆ ಖಂಡಿತ ಆಗುತ್ತದೆ. ಕುಂದಾಪುರದವರು ಹೇಳಿದ ಭಯವೂ ಸರಿಯೇ. ಹಾಗಾಗಿ ಒಂದು ವಿಷಯ ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಬಚ್ಚಲಿನ ನೆಲ ಮೊದಲು ಗಟ್ಟಿ ಇರಬೇಕು, ಹೊಳಪು ಆಮೇಲಿನ ಮಾತು. ಗಟ್ಟಿ ನೆಲವನ್ನು ಎಲ್ಲಿಗೆ ಬೇಕೋ ಅಲ್ಲಿಗೆ ಉಜ್ಜಿ ನಿಲ್ಲಿಸಬಹುದು. ಮೆದು ನೆಲಕ್ಕೆ ಯಾವ ಪಾಲಿಶ್ ಹಾಕಿದರೂ ಉಳಿಯುವುದಿಲ್ಲ.

ನಿಮ್ಮ ಮೇಸ್ತ್ರಿ ಹೇಳಿದ್ದರಲ್ಲಿ ಒಣ ಸಿಮೆಂಟ್ ಉದುರಿಸುವುದಕ್ಕೆ ಮಾತ್ರ ಒಪ್ಪಬೇಡಿ. ಅದನ್ನು ಯಾಕೆ ಮಾಡುತ್ತಾರೆ ಅಂದರೆ, ಕಲಸುವಾಗ ನೀರು ಜಾಸ್ತಿ ಸುರಿದಿರುತ್ತಾರೆ. ಆ ನೀರು ಮೇಲೆ ಬಂದು ನಿಲ್ಲುತ್ತದೆ. ಅದನ್ನು ಹೀರಿಕೊಳ್ಳಲಿ ಅಂತ ಸಿಮೆಂಟ್ ಉದುರಿಸಿ ಉಜ್ಜುತ್ತಾರೆ. ಅವತ್ತು ನೋಡಲು ಚೆನ್ನಾಗಿರುತ್ತದೆ. ಆದರೆ ಮೇಲಿನ ಆ ತೆಳು ಪದರ ಬರೀ ಸಿಮೆಂಟ್. ಕೆಳಗಿನ ಕಾಂಕ್ರೀಟಿಗಿಂತ ಅದು ಜಾಸ್ತಿ ಕುಗ್ಗುತ್ತದೆ. ಒಣಗಿದ ಮೇಲೆ ಜೇಡರ ಬಲೆಯ ಹಾಗೆ ಸಣ್ಣ ಬಿರುಕು ಬಿಟ್ಟುಕೊಂಡು, ದಿನಾ ನೀರು ಬೀಳುವ ಜಾಗದಲ್ಲಿ ಹಪ್ಪಳಿಕೆ ಎದ್ದು ಹೋಗುತ್ತದೆ. ನೀವು ಮೆಷಿನ್ ಹಾಕಿಸುತ್ತೀರಿ ಅಂದರೆ ಆ ಪದರ ಮೊದಲ ಸುತ್ತಿನಲ್ಲೇ ಹಾರಿಹೋಗುತ್ತದೆ, ಸಿಮೆಂಟ್ ದಂಡ.

ತಳದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಅದು ನಿಮ್ಮ ಮೇಸ್ತ್ರಿಗೆ ಗೊತ್ತಿರುವ ಕೆಲಸವೇ. ಮಣ್ಣು ಚೆನ್ನಾಗಿ ದಮ್ಮಸ್ಸು ಮಾಡಿ, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, 4 ಇಂಚು 1:4:8 (ಸಿಮೆಂಟ್, ಮರಳು, ಜಲ್ಲಿ) ಬೆಡ್ ಕಾಂಕ್ರೀಟ್. ಮಲೆನಾಡಿನಲ್ಲಿ ನೆಲದ ತೇವ ಮೇಲೆ ಏರುತ್ತದೆ, ಹಾಳೆ ಬಿಡಬೇಡಿ. ಬೆಡ್ಡಿನ ಮೇಲ್ಮೈ ಒರಟಾಗಿಯೇ ಇರಲಿ. ಗೋಡೆ ನೆಲ ಸೇರುವ ಕಡೆ ಒಂದು ಅಡಿ ಎತ್ತರಕ್ಕೆ ವಾಟರ್‌ಪ್ರೂಫ್ ಲೇಪನ ಹಚ್ಚಿ. (ಮಹಡಿ ಮೇಲಿನ ಬಾತ್‌ರೂಮ್ ಇರುವವರು ಗಮನಿಸಿ: ಸ್ಲ್ಯಾಬ್ ಪೂರ್ತಿ ವಾಟರ್‌ಪ್ರೂಫ್ ಮಾಡಿ, ನೀರು ಹೋಗುವ ಟ್ರ್ಯಾಪ್ ಮುಚ್ಚಿ 48 ಗಂಟೆ ನೀರು ನಿಲ್ಲಿಸಿ, ಕೆಳಗೆ ಸೋರುವುದಿಲ್ಲ ಅಂತ ನೋಡಿದ ಮೇಲೆಯೇ ಮುಂದಿನ ಕೆಲಸ.)

ಇಳಿಜಾರಿನ ಬಗ್ಗೆ ಮಾತ್ರ ಕೂತು ಯೋಚಿಸಿ. ನಡುವೆ ಅಥವಾ ಮೂಲೆಯಲ್ಲಿ ಒಂದು ಜಾಲರಿ ಇಟ್ಟು ನಾಲ್ಕೂ ಕಡೆಯಿಂದ ಇಳಿಸಿದರೆ ನೆಲದಲ್ಲಿ ಏಣುಗಳು ಬೀಳುತ್ತವೆ. ಮೆಷಿನ್ನಿನ ಕಲ್ಲು ಚಪ್ಪಟೆ. ಅದು ಏಣನ್ನು ತಿನ್ನುತ್ತದೆ, ತಗ್ಗನ್ನು ಮುಟ್ಟುವುದೇ ಇಲ್ಲ. ಏಣಿನ ಮೇಲೆ ಜಲ್ಲಿ ಕಂಡು, ಪಕ್ಕದಲ್ಲಿ ಸಿಮೆಂಟ್ ಹಾಗೇ ಉಳಿದು, ಪಟ್ಟೆ ಪಟ್ಟೆ ಕಾಣುತ್ತದೆ. ನಿಮ್ಮದು 5 ಅಡಿ ಅಗಲ. 8 ಅಡಿ ಉದ್ದದ ಗೋಡೆಯ ಬುಡಕ್ಕೆ ಉದ್ದನೆಯ ಸಣ್ಣ ಕಾಲುವೆ ಬಿಟ್ಟು, ಪೂರ್ತಿ ನೆಲವನ್ನು ಒಂದೇ ಕಡೆಗೆ ಇಳಿಸಿ. 60ಕ್ಕೆ 1 ಅಂದರೆ ಆ 5 ಅಡಿಯಲ್ಲಿ ಸರಿಯಾಗಿ 1 ಇಂಚು ಇಳಿತ. ನೀರು ನಿಲ್ಲದೆ ಓಡುತ್ತದೆ, ನಡೆಯುವವರಿಗೆ ಇಳಿಜಾರು ಅನ್ನಿಸುವುದೂ ಇಲ್ಲ. ಈ ಇಳಿತವನ್ನು ಬೆಡ್ಡಿನಲ್ಲೇ ಕೊಟ್ಟುಬಿಡಿ. ಆಗ ಮೇಲಿನ ಕಾಂಕ್ರೀಟ್ ಎಲ್ಲ ಕಡೆ 2 ಇಂಚು ಸಮನಾಗಿ ಬರುತ್ತದೆ. ದಪ್ಪ ಒಂದೇ ಇದ್ದರೆ ಕುಗ್ಗುವುದೂ ಒಂದೇ ಸಮ.

ಬಿರುಕು. ಕಾಂಕ್ರೀಟ್ ಒಣಗುವಾಗ ಕುಗ್ಗಿಯೇ ಕುಗ್ಗುತ್ತದೆ. ಅದು ಎಲ್ಲಿ ಬಿಡಬೇಕು ಅಂತ ನಾವೇ ಜಾಗ ತೋರಿಸಬೇಕು, ಅಷ್ಟೇ. 2 ಇಂಚು ದಪ್ಪಕ್ಕೆ 8 ಅಡಿ ಉದ್ದ ಜಾಸ್ತಿ ಆಯಿತು. ನಡುವೆ, 4 ಅಡಿಗೆ, ಒಂದು ಪಟ್ಟಿ ಕೊಡಿ. ಮೊಸಾಯಿಕ್ ನೆಲದಲ್ಲಿ ಗಾಜಿನ ಪಟ್ಟಿ ಕೂರಿಸುತ್ತೇವಲ್ಲ, ಅದೇ ಸಾಕು. ಹಿತ್ತಾಳೆ ಪಟ್ಟಿ ಹಾಕಿದರೆ ಬೂದು ನೆಲದಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ, ಕಲ್ಲಿನ ಜೊತೆ ಅದೂ ಉಜ್ಜಿಕೊಂಡು ಮಟ್ಟಕ್ಕೆ ಬರುತ್ತದೆ. ಗೋಡೆಯ ಸುತ್ತ ತೆಳು ಥರ್ಮಾಕೋಲ್ ಪಟ್ಟಿ ನಿಲ್ಲಿಸಿ ಕಾಂಕ್ರೀಟ್ ಹಾಕಿ. ಆಮೇಲೆ ಅದನ್ನು ಕಿತ್ತು ಆ ಸಂದಿಗೆ ಸೀಲೆಂಟ್ ತುಂಬಬೇಕು. ಗೋಡೆಗೆ ಬಿಗಿಯಾಗಿ ಅಂಟಿದ ನೆಲ ಕುಗ್ಗುವಾಗ ಎಲ್ಲೋ ಒಂದು ಕಡೆ ಹರಿಯಲೇಬೇಕು. ನಿಮ್ಮ ಹಳೇ ನೆಲಕ್ಕೆ ಆಗಿದ್ದು ಬಹುಶಃ ಇದೇ.

ಇನ್ನು ಮಸಾಲೆ. 1:1½:3. ಅಂದರೆ ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. ನಿಮ್ಮ 40 ಚದರ ಅಡಿಗೆ 2 ಇಂಚು ದಪ್ಪ ಅಂದರೆ ಸುಮಾರು ಒಂದೂವರೆ ಮೂಟೆ ಸಿಮೆಂಟ್ ಆಗುತ್ತದೆ. ಎರಡು ಮೂಟೆ ತನ್ನಿ, ಉಳಿದದ್ದು ಮಾದರಿಗೆ ಮತ್ತು ಆಮೇಲೆ ತೂತು ತುಂಬುವ ಗ್ರೌಟಿಗೆ ಬೇಕು. ಎರಡೂ ಒಂದೇ ಕಂಪನಿ, ಒಂದೇ ಲಾಟಿನದ್ದಾಗಿರಲಿ. ಲಾಟ್ ಬದಲಾದರೆ ಬೂದು ಬಣ್ಣವೇ ಬದಲಾಗುತ್ತದೆ. ಜಲ್ಲಿ 12 ಎಂಎಂ ಮತ್ತು ಅದಕ್ಕಿಂತ ಸಣ್ಣದು, 20 ಎಂಎಂ ಬೇಡ. ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಕಾಂಕ್ರೀಟಿನದ್ದೇ ಕೇಳಿ, ಗಿಲಾವಿಗೆ ಬರುವ ನುಣುಪು ಪಿ ಸ್ಯಾಂಡ್ ಬೇಡ. ಫೈಬರ್ 125 ಗ್ರಾಂ ಪ್ಯಾಕೆಟ್ ಸಿಗುತ್ತದೆ, ಒಂದು ಮೂಟೆಗೆ ಒಂದು. ಮೊದಲ ದಿನದ ಸಣ್ಣ ಬಿರುಕಿಗೆ ಅದು ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯ ನೀರು. 50 ಕೆಜಿ ಮೂಟೆಗೆ 22-23 ಲೀಟರ್, ಮರಳಿನಲ್ಲಿರುವ ಒದ್ದೆಯೂ ಅದರಲ್ಲೇ ಸೇರಿ. ಕೆಲಸದವರು "ಗಟ್ಟಿ ಆಯ್ತು ಸಾರ್, ಎಳೆಯಕ್ಕೆ ಆಗಲ್ಲ" ಅನ್ನುತ್ತಾರೆ. ಆಗ ಪೈಪ್ ಹಿಡಿಯಲು ಬಿಡಬೇಡಿ, ನೀರು ಸೇರಿಸದೆ ಮಸಾಲೆ ಸಡಿಲ ಮಾಡುವ ಪ್ಲಾಸ್ಟಿಸೈಸರ್ ಅಂತ ಸಿಗುತ್ತದೆ, ಡಬ್ಬದ ಮೇಲೆ ಬರೆದಷ್ಟು ಹಾಕಿಸಿ. ಹೆಚ್ಚಿಗೆ ಸುರಿದ ನೀರು ಆವಿಯಾಗಿ ಹೋದ ಜಾಗದಲ್ಲಿ ಸಣ್ಣ ಸಣ್ಣ ತೂತು ಉಳಿಯುತ್ತದೆ. ಮುಂದೆ ಎಣ್ಣೆ, ಸೋಪು, ಅರಿಶಿನ ಎಲ್ಲ ಇಳಿಯುವುದು ಆ ತೂತುಗಳಿಗೇ.

ಹಾಕುವ ದಿನ ಬೆಡ್ ಒದ್ದೆ ಮಾಡಿ, ನಿಂತ ನೀರು ಒರೆಸಿ, ಸಿಮೆಂಟ್ ಹಾಲು ಬಳಿದು, ಅದು ಒಣಗುವ ಮೊದಲೇ ಕಾಂಕ್ರೀಟ್ ಹರಡಿ. ಮಟ್ಟಗೋಲು ಎಳೆದು, ಮರದ ಹಲಗೆಯಲ್ಲಿ ಉಜ್ಜಿ, ಬಿಟ್ಟುಬಿಡಿ. ಈಗಲೇ ಕಬ್ಬಿಣದ ಕರಣೆ ತಾಗಿಸಬಾರದು. ಮೇಲೆ ಬಂದ ನೀರಿನ ಮಿನುಗು ತಾನಾಗಿ ಹೋಗಬೇಕು. ಹೆಬ್ಬೆರಳು ಒತ್ತಿ ನೋಡಿ. ಬೆರಳು ಒಳಗೆ ಹೋಗದೆ, ಬರೀ ಗುರುತು ಮೂಡಿದರೆ ಆಗ ಕರಣೆ. ಮೊದಲ ಸಲ ಕರಣೆ ಚಪ್ಪಟೆ ಹಿಡಿದು ಮೆಲ್ಲಗೆ. ಸ್ವಲ್ಪ ಬಿಟ್ಟು ಮತ್ತೆ, ಈ ಸಲ ಅಂಚು ತುಸು ಎತ್ತಿ, ಒತ್ತಿ. ಮತ್ತೆ ಬಿಟ್ಟು ಮತ್ತೆ. ಕೊನೆಯ ಸುತ್ತಿನಲ್ಲಿ ಕರಣೆಯ ಸದ್ದೇ ಬದಲಾಗುತ್ತದೆ, ಒದ್ದೆ ಸದ್ದು ಹೋಗಿ ಲೋಹದ ಸದ್ದು ಬರುತ್ತದೆ. ಒತ್ತಿದ ಕಡೆ ಬಣ್ಣ ಗಾಢವಾಗುತ್ತದೆ. ನೀವು ಕೇಳಿದ ಆ ಗಾಢ ತಿಳಿ ಆಟ ಎಲ್ಲ ಇಲ್ಲಿಂದಲೇ ಬರುವುದು, ಅದಕ್ಕೆ ಬೇರೆ ಬಣ್ಣ ಬೇಕಿಲ್ಲ. ಈ ಕೆಲಸಕ್ಕೆ ಕೈ ಪಳಗಿದವರು ಬೇಕು. ನಿಮ್ಮ ಕಡೆ ರೆಡ್ ಆಕ್ಸೈಡ್ ಮಾಡುತ್ತಿದ್ದ ವಯಸ್ಸಾದ ಗಾರೆಯವರು ಯಾರಾದರೂ ಇದ್ದರೆ ಅವತ್ತೊಂದು ದಿನ ಕರೆಸಿ, ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರ ಕೈಗೆ ಗೊತ್ತಿರುವುದನ್ನು ನಾನು ಬರೆದು ಮುಗಿಸಲು ಆಗುವುದಿಲ್ಲ.

ಮಾರನೇ ದಿನದಿಂದ ನೀರು. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಸಾದಾ ಓಪಿಸಿ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ಒದ್ದೆ ಇರಲೇಬೇಕು. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಪಿಪಿಸಿ. ನಾನು 14 ದಿನ ಹೇಳುತ್ತೇನೆ. ನಿಮ್ಮದು ಇಳಿಜಾರು ನೆಲ, ಕಟ್ಟೆ ಕಟ್ಟಿ ನೀರು ನಿಲ್ಲಿಸಿದರೆ ಮೇಲಿನ ಅಂಚು ಒಣಗುತ್ತದೆ. ಗೋಣಿಚೀಲ ಹಾಸಿ, ನೆನೆಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಬಣ್ಣದ ಅಕ್ಷರ ಇರುವ ಹೊಸ ಗೋಣಿ ಬೇಡ, ಆ ಬಣ್ಣ ನೆಲಕ್ಕೆ ಇಳಿಯುತ್ತದೆ.

14 ದಿನ ಕಳೆದ ಮೇಲೆ ಮೆಷಿನ್. ಇಲ್ಲಿ ಒಂದು ಒಳ್ಳೆಯ ವಿಷಯ ಇದೆ. ಇದಕ್ಕೆ ಬೆಂಗಳೂರಿನಿಂದ ಕಾಂಕ್ರೀಟ್ ಪಾಲಿಶ್ ಕಂಪನಿ ಬರಬೇಕಿಲ್ಲ. ಮೊಸಾಯಿಕ್ ಉಜ್ಜುವವರು ಶಿರಸಿ, ಸಾಗರ, ಹುಬ್ಬಳ್ಳಿ ಕಡೆ ವಿಚಾರಿಸಿದರೆ ಸಿಗಬಹುದು. ಅವರ ಕೆಲಸವೂ ಇದೇ, ನೀರು ಹಾಕಿ ಕಲ್ಲಿನಿಂದ ಉಜ್ಜುವುದು. ಮರಳಿನ ಕಾಳು ಮಾತ್ರ ಕಾಣಬೇಕು ಅಂದರೆ ತೆಳ್ಳಗೆ ಸಿಪ್ಪೆ ತೆಗೆದರೆ ಸಾಕು. 60ನೇ ನಂಬರ್ ಕಲ್ಲಿನಿಂದ ಹಗುರಾಗಿ ಶುರು ಮಾಡಲಿ (ನಂಬರ್ ಏರಿದಂತೆ ಕಲ್ಲು ನುಣುಪು). ಜಾಸ್ತಿ ಹೊತ್ತು ನಿಂತರೆ ಜಲ್ಲಿ ಕಾಣುತ್ತದೆ, ಆಮೇಲೆ ಅದನ್ನು ಮುಚ್ಚಲು ಆಗುವುದಿಲ್ಲ. ಮೊದಲ ಸುತ್ತಿನ ನಂತರ ಗಾಳಿ ತೂತುಗಳು ಬಾಯಿ ಬಿಡುತ್ತವೆ. ಅದೇ ಮೂಟೆಯ ಸಿಮೆಂಟ್ ಕಲಸಿ ಪೂರ್ತಿ ತಿಕ್ಕಿ ತುಂಬಿ. ಅದಕ್ಕೂ ನೀರು ಕೊಟ್ಟು, ಒಂದು ವಾರ ಬಿಟ್ಟು 120.

28 ದಿನ ತುಂಬಿದ ಮೇಲೆ ಲಿಥಿಯಂ ಸಿಲಿಕೇಟ್ ಡೆನ್ಸಿಫೈಯರ್ ಹಚ್ಚಿ. ಅದು ನೀರಿನಂತೆ ತೆಳ್ಳಗಿರುತ್ತದೆ, ಒಳಗೆ ಇಳಿದು ಕಾಂಕ್ರೀಟಿನಲ್ಲಿ ಉಳಿದಿರುವ ಸುಣ್ಣದ ಜೊತೆ ಸೇರಿ ಗಟ್ಟಿಯಾಗುತ್ತದೆ. ಮೇಲೆ ಪೊರೆ ಕಟ್ಟುವುದಿಲ್ಲ, ಹಾಗಾಗಿ ಕಿತ್ತು ಬರುವ ಪ್ರಶ್ನೆಯೇ ಇಲ್ಲ. ಆಮೇಲೆ 220. ನೀರು ಬೀಳುವ ಕಡೆ ಅಲ್ಲಿಗೇ ನಿಲ್ಲಿಸಿ. ಬಾಗಿಲ ಹತ್ತಿರ, ಬಟ್ಟೆ ಬದಲಿಸುವ ಒಣ ಜಾಗದಲ್ಲಿ ಬೇಕಿದ್ದರೆ 400ರವರೆಗೆ ಹೋಗಬಹುದು. 800, 1500, 3000 ಅಂತ ಹೋದರೆ ಲೈಟು ಮಿಂಚುತ್ತದೆ, ಅದು ಅಂಗಡಿ ಮಳಿಗೆಗೆ ಸರಿ. 76 ವರ್ಷದವರು ಒದ್ದೆ ಕಾಲಿನಲ್ಲಿ ನಡೆಯುವ ಜಾಗಕ್ಕೆ ಬೇಡ. 220ಕ್ಕೆ ನಿಂತ ನೆಲ ಕೈಗೆ ರೇಷ್ಮೆಯ ಹಾಗೇನೂ ಇರುವುದಿಲ್ಲ, ಆದರೆ ಕಾಲಿಗೆ ಚುಚ್ಚುವುದೂ ಇಲ್ಲ.

ಕಾನುಮನೆ, ಶಿರಸಿ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಧನ್ಯವಾದ ಸರ್. ಪ್ರಿಂಟ್ ತೆಗೆದು ಮೇಸ್ತ್ರಿಗೂ ಓದಿ ಹೇಳಿದೆ. ಕಾಲುವೆಯ ವಿಷಯ ಅವರಿಗೆ ಕೂಡಲೇ ಹಿಡಿಸಿತು. ಒಣ ಸಿಮೆಂಟಿನ ವಿಷಯದಲ್ಲಿ ಇನ್ನೂ ಪೂರ್ತಿ ಒಪ್ಪಿಲ್ಲ, "ಹಾಗಾದ್ರೆ ನೈಸ್ ಹೇಗೆ ಬರ್ತದೆ" ಅನ್ನುತ್ತಿದ್ದಾರೆ.

ಎರಡು ಅನುಮಾನ ಉಳಿದಿದೆ. ಹಂಡೆ ಒಲೆಯ ಬುಡಕ್ಕೂ ಇದೇ ನೆಲ ಬರಬಹುದಾ? ಕೆಂಡ, ಬೂದಿ ಬೀಳುತ್ತಿರುತ್ತದೆ. ಇನ್ನೊಂದು, ನಮ್ಮಲ್ಲಿ ಹಬ್ಬಕ್ಕೆ ಎಣ್ಣೆಸ್ನಾನ ತಪ್ಪುವುದಿಲ್ಲ. ದೀಪಾವಳಿಯಲ್ಲಂತೂ ಮನೆಮಂದಿಯೆಲ್ಲ ಒಬ್ಬರಾದ ಮೇಲೆ ಒಬ್ಬರು. ಎಣ್ಣೆ, ಸೀಗೆಪುಡಿ, ಅರಿಶಿನ ಎಲ್ಲ ಬೀಳುತ್ತದೆ. ನೆಲ ತಡೆಯುತ್ತದಾ?

ಬೋರ್‌ವೆಲ್ ಮನೆ, ಬೆಂಗಳೂರು

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ನಮ್ಮ ಅನುಭವ ಕೆಲಸಕ್ಕೆ ಬರಬಹುದು. ನಮ್ಮ ಬಾತ್‌ರೂಮಿನಲ್ಲೂ ಬೂದು ಕಾಂಕ್ರೀಟ್ ನೆಲ ಇದೆ. ಕೆಲಸ ಮಾಡಿದವರು ಕೊನೆಗೆ ಮೇಲೆ ಅಕ್ರಿಲಿಕ್ ಲ್ಯಾಕರ್ ಹೊಡೆದು ಹೋದರು. ಮೊದಲ ಮಳೆಗಾಲ ಕಳೆಯುವುದರೊಳಗೆ ಶವರ್ ಕೆಳಗೆ ಅದು ಹಾಲಿನ ಬಣ್ಣಕ್ಕೆ ತಿರುಗಿ, ಆಮೇಲೆ ಸಿಪ್ಪೆ ಸಿಪ್ಪೆ ಎದ್ದಿತು. ಫೋನ್ ಮಾಡಿದರೆ "ನೀವು ನೀರು ಜಾಸ್ತಿ ಬಳಸಿದ್ದೀರಿ" ಅಂದರು. ಬಾತ್‌ರೂಮಿನಲ್ಲಿ ನೀರು ಬಳಸದೆ ಇನ್ನೇನು ಮಾಡಬೇಕು, ಬೇಜಾರಾಯಿತು.

ಎರಡನೇ ತೊಂದರೆ ನಮ್ಮ ಬೋರ್ ನೀರು. ಗಡಸು ನೀರು, ಬಿಳಿ ಉಪ್ಪು ಕಟ್ಟುತ್ತದೆ. ಮನೆಗೆಲಸಕ್ಕೆ ಬರುವ ಅಕ್ಕ ಅದನ್ನು ತೆಗೆಯಲು ಟಾಯ್ಲೆಟ್ಟಿಗೆ ಹಾಕುವ ಆಸಿಡ್ ಸುರಿದರು. ಪಾಪ, ಟೈಲ್ಸ್ ಮೇಲೆ ಎಲ್ಲರೂ ಹಾಗೇ ಮಾಡುವುದು, ಅವರದೇನೂ ತಪ್ಪಿಲ್ಲ. ಬುಸ್ ಅಂತ ನೊರೆ ಬಂದು, ತೊಳೆದಾಗ ಅಷ್ಟು ಜಾಗದಲ್ಲಿ ಮರಳು ಮರಳು. ಮೊಸಾಯಿಕ್ ಮೆಷಿನ್ ಅವರೇ, ಇದಕ್ಕೆ ಪರಿಹಾರ ಇದೆಯಾ?

ಮೊಸಾಯಿಕ್ ಮೆಷಿನ್, ಮೈಸೂರು

ಬೆಂಗಳೂರಿನವರಿಗೆ ಮೊದಲು. ಇದೆ, ಚಿಂತೆ ಮಾಡಬೇಡಿ. ಪೊರೆ ಕಟ್ಟುವ ಲ್ಯಾಕರ್ ಬಚ್ಚಲಿಗೆ ಬೇಡ ಅಂತ ನಾನು ಹೇಳುವುದು ಇದಕ್ಕೇ. ಕಾಂಕ್ರೀಟಿನ ಒಳಗಿನ ತೇವ ಹೊರಗೆ ಬರಲು ದಾರಿ ಹುಡುಕುತ್ತದೆ, ಪೊರೆ ಅಡ್ಡ ಬಂದರೆ ಅದನ್ನೇ ಎತ್ತುತ್ತದೆ. ಉಳಿದ ಲ್ಯಾಕರನ್ನು ಪೂರ್ತಿ ಉಜ್ಜಿ ತೆಗೆಸಿ, ಅರ್ಧಂಬರ್ಧ ಬಿಡಬೇಡಿ. ಆಸಿಡ್ ತಿಂದ ಜಾಗಕ್ಕೆ 60ರಿಂದ ಮತ್ತೆ ಮೇಲಕ್ಕೆ ಬಂದು, ಡೆನ್ಸಿಫೈಯರ್ ಹಚ್ಚಿಸಿ. ಆ ಜಾಗ ಕೂದಲೆಳೆಯಷ್ಟು ತಗ್ಗಾಗುತ್ತದೆ, ಮರಳು ಸ್ವಲ್ಪ ಜಾಸ್ತಿ ಕಾಣುತ್ತದೆ. ಒಂದು ತೇಪೆ ಎದ್ದು ಕಾಣಬಾರದು ಅಂದರೆ ನೆಲ ಪೂರ್ತಿ ಅದೇ ಮಟ್ಟಕ್ಕೆ ತನ್ನಿ. ಆಮೇಲೆ ಸಿಲೇನ್ ಸಿಲಾಕ್ಸೇನ್ ಅನ್ನುವ ಸೀಲರ್ ಬರುತ್ತದೆ, ಅದು ಒಳಗೆ ಇಳಿದು ನೀರನ್ನು ತಡೆಯುತ್ತದೆ, ತೇವ ಆವಿಯಾಗಿ ಹೋಗಲು ಬಿಡುತ್ತದೆ.

ಆಸಿಡ್ ಸಿಮೆಂಟಿಗೆ ಆಗದು. ಟಾಯ್ಲೆಟ್ ಕ್ಲೀನರಿನಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಸಿಡ್. ಅದಷ್ಟೇ ಅಲ್ಲ, ನಿಂಬೆ, ಹುಣಸೆ, ವಿನೆಗರ್ ಕೂಡ ನಿಧಾನವಾಗಿ ತಿನ್ನುತ್ತವೆ. ಬಚ್ಚಲಲ್ಲಿ ಕೂತು ಹಿತ್ತಾಳೆ ಪಾತ್ರೆಗೆ ಹುಣಸೆ ಹಾಕಿ ತಿಕ್ಕುವ ಅಭ್ಯಾಸ ಇದ್ದರೆ ಅದಕ್ಕೆ ಬೇರೆ ಜಾಗ ಮಾಡಿಕೊಳ್ಳಿ. ಗಡಸು ನೀರಿನ ಊರಲ್ಲಿ ಸ್ನಾನ ಆದ ಕೂಡಲೇ ವೈಪರಿನಲ್ಲಿ ನೀರು ಎಳೆಯುವುದೇ ಮದ್ದು. ನೀರು ಅಲ್ಲೇ ಒಣಗಿದರೆ ತಾನೆ ಉಪ್ಪು ಕೂರುವುದು? ಶಿರಸಿಯವರಿಗೆ ಉಪ್ಪಿಗಿಂತ ಪಾಚಿಯ ಕಾಟ ಜಾಸ್ತಿ. ನಾರಿನ ಬ್ರಷ್ಷು, ಸಾದಾ ಸೋಪು ಸಾಕು. ಮಳೆಗಾಲದಲ್ಲಿ ತೀರಾ ಕಟ್ಟಿದರೆ ಸ್ವಲ್ಪ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕಲಸಿ ತೊಳೆಯಬಹುದು. ಆದರೆ ಅದನ್ನೂ ಆಸಿಡ್ಡನ್ನೂ ಎಂದೂ ಸೇರಿಸಬೇಡಿ, ಕ್ಲೋರಿನ್ ಗಾಳಿ ಎದ್ದು ಉಸಿರು ಕಟ್ಟುತ್ತದೆ. ಬಾಗಿಲು ಹಾಕಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.

ಈಗ ಹಂಡೆ ಒಲೆ. ಒಲೆಯ ಬಾಯಿಯ ಮುಂದೆ ಎರಡು ಅಡಿಯಷ್ಟು ಜಾಗಕ್ಕೆ ಈ ನೆಲ ಬೇಡ. ಕೆಂಡ ಬಿದ್ದರೆ ಸಿಮೆಂಟ್ ಚಕ್ಕೆ ಏಳುತ್ತದೆ. ಅಲ್ಲಿ ಕುಂದಾಪುರದವರ ಮಾತು ಕೇಳಿ, ಕಲ್ಲು ಚಪ್ಪಡಿ ಹಾಕಿ. ಕಲ್ಲಿಗೂ ಕಾಂಕ್ರೀಟಿಗೂ ನಡುವೆ ಒಂದು ಪಟ್ಟಿ ಕೂರಿಸಿ. ಒರಟು ಕಲ್ಲಿನ ಪಕ್ಕ ಬೂದು ನೆಲ ನೋಡಲೂ ಚೆನ್ನಾಗಿರುತ್ತದೆ. ಚಪ್ಪಡಿಯ ಮೂಲೆ ಕಾಂಕ್ರೀಟಿನ ಒಳಗೆ ಚುಚ್ಚಿಕೊಂಡು ಬರದ ಹಾಗೆ, ಗೋಡೆಯಿಂದ ಗೋಡೆಗೆ ನೇರ ಹಾಕಿ. ಒಳಮೂಲೆ ಬಂದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಹಾಗೆ ಹಾಕಿದರೆ ಕಾಂಕ್ರೀಟ್ 6 ಅಡಿ ಮಾತ್ರ ಉಳಿಯುತ್ತದೆ, ನಡುವಿನ ಪಟ್ಟಿಯನ್ನು 3 ಅಡಿಗೆ ಕೊಡಿ.

ಎಣ್ಣೆಸ್ನಾನ. ನೆಲ ಹಾಕಿದ ಮೊದಲ ವರ್ಷ ಹುಷಾರು. ಹೊಸ ಸಿಮೆಂಟಿನಲ್ಲಿ ಸುಣ್ಣದ ಅಂಶ ಇರುತ್ತದೆ. ಅರಿಶಿನಕ್ಕೆ ಸುಣ್ಣ ತಾಗಿದರೆ ಏನಾಗುತ್ತದೆ ಅಂತ ಆರತಿಗೆ ಓಕುಳಿ ಕಲಸುವ ಮನೆಯವರಿಗೆ ನಾನು ಹೇಳಬೇಕಿಲ್ಲ. ಹಳದಿ ಕಲೆ ಆಗುವ ಕಡೆ ಕೆಂಪು ಕಲೆ ಆಗುತ್ತದೆ. ಡೆನ್ಸಿಫೈಯರ್ ಹಚ್ಚಿ ಸೀಲರ್ ಕೊಟ್ಟ ಮೇಲೆ ಇದು ಬಹಳ ಕಡಿಮೆಯಾಗುತ್ತದೆ. ಸೀಲರ್ ಕೊಳ್ಳುವಾಗ ನೀರಿನ ಜೊತೆ ಎಣ್ಣೆಯನ್ನೂ ತಡೆಯುವಂಥದ್ದು ಕೇಳಿ. ಬರೀ ನೀರಿನದ್ದಾದರೆ ಎಣ್ಣೆಗೆ ಅಷ್ಟು ಉಪಯೋಗವಿಲ್ಲ. ಎಣ್ಣೆ ಬಿದ್ದ ಜಾಗಕ್ಕೆ ಅವತ್ತೇ ಕಡಲೆಹಿಟ್ಟು ಉದುರಿಸಿ, ಹೀರಿದ ಮೇಲೆ ಸೋಪು ನೀರಿನಲ್ಲಿ ತೊಳೆಯಿರಿ. ಜಾರುವ ವಿಷಯಕ್ಕೆ ಬಂದರೆ, ಎಣ್ಣೆ ಬಿದ್ದರೆ ಕಲ್ಲೂ ಜಾರುತ್ತದೆ. ನೆಲ ಯಾವುದೇ ಇರಲಿ, ಆಯಿ ಕೂರುವ ಜಾಗದ ಪಕ್ಕದ ಗೋಡೆಗೆ ಹಿಡಿಕೆ ಕೂರಿಸಿ. ಗೋಡೆ ಗಿಲಾವು ಆಗುವ ಮೊದಲೇ ಹೇಳಿ, ಆಮೇಲೆ ತೂತು ಕೊರೆದರೆ ವಾಟರ್‌ಪ್ರೂಫ್ ಹಾಳಾಗುತ್ತದೆ. ನೆಲಕ್ಕೆ ಮೇಣ, ತೆಂಗಿನೆಣ್ಣೆ ತಿಕ್ಕಿ ಹೊಳಪು ತರುವುದು ನಡುಮನೆಗೆ ಚೆಂದ, ಬಚ್ಚಲಿಗೆ ಬೇಡವೇ ಬೇಡ.

ನಿಮ್ಮ ಮೇಸ್ತ್ರಿಯ ಪ್ರಶ್ನೆ ಒಳ್ಳೆಯದೇ. ಬಾಯಲ್ಲಿ ಹೇಳಿದರೆ ಅವರು ನಂಬಲಾರರು, ನಂಬಬೇಕಾಗಿಯೂ ಇಲ್ಲ. 2 ಅಡಿ ಚದರದ ಎರಡು ಮಾದರಿ ಹಾಕಿಸಿ, ಅಂಗಳದಲ್ಲೇ. ಒಂದು ಅವರ ಪದ್ಧತಿ, ಒಂದು ಇದು. ಎರಡಕ್ಕೂ ಒಂದೇ ಥರ ನೀರು ಕೊಡಿ. 14 ದಿನದ ಮೇಲೆ ಎರಡನ್ನೂ ಮೊಳೆಯಿಂದ ಗೀಚಿ ನೋಡಲಿ. ಆಮೇಲೆ ಅದೇ ಮಾದರಿಯನ್ನು ಉಜ್ಜಿಸಿ, ಅರ್ಧ 120ಕ್ಕೆ, ಅರ್ಧ 220ಕ್ಕೆ ನಿಲ್ಲಿಸಿ, ಸೋಪು ನೀರು ಹಾಕಿ, ನೀವೇ ಪಕ್ಕದಲ್ಲಿ ಕೈ ಹಿಡಿದುಕೊಂಡು ಆಯಿಗೆ ಕಾಲಿಟ್ಟು ನೋಡಲು ಹೇಳಿ. ಅವರ ಕಾಲಿಗೆ ಯಾವುದು ಸರಿ ಅನ್ನಿಸುತ್ತದೋ ಅದೇ ನಿಮ್ಮ ನಂಬರ್.

ಕೆಂಪುನೆಲ, ಕುಂದಾಪುರ

ಈಗ ಒಪ್ಪಿದೆ. 220ಕ್ಕೆ ನಿಲ್ಲಿಸಿದರೆ ನನ್ನದೇನೂ ತಕರಾರಿಲ್ಲ. ಒಂದು ಪ್ರಶ್ನೆ, ಇದೇ ಕ್ರಮದಲ್ಲಿ ಕೆಂಪು ಬಣ್ಣ ಸೇರಿಸಬಹುದಾ? ನಮ್ಮ ಹಿಂದಿನ ಬಚ್ಚಲಿಗೆ ಆಸೆ ಆಗುತ್ತಿದೆ.

ಮೊಸಾಯಿಕ್ ಮೆಷಿನ್, ಮೈಸೂರು

ಸೇರಿಸಬಹುದು. ಐರನ್ ಆಕ್ಸೈಡ್ ಪುಡಿ ಒಳ್ಳೆಯದು ತನ್ನಿ, ಅದು ಬಿಸಿಲಿಗೂ ಸುಣ್ಣಕ್ಕೂ ಬಣ್ಣ ಬಿಡುವುದಿಲ್ಲ. ಸಿಮೆಂಟಿನ ತೂಕದಲ್ಲಿ ನೂರಕ್ಕೆ 5-6 ಪಾಲು ಸಾಕು, 10 ದಾಟಬೇಡಿ. ದಾಟಿದರೆ ಬಣ್ಣ ಏನೂ ಏರುವುದಿಲ್ಲ, ನೆಲದ ಶಕ್ತಿ ಇಳಿಯುತ್ತದೆ. ಒಣ ಸಿಮೆಂಟಿನ ಜೊತೆ ಮೊದಲೇ ಜರಡಿ ಹಿಡಿದು ಬೆರೆಸಬೇಕು. ಉಜ್ಜುವ ನೆಲ ಆದ್ದರಿಂದ ಬಣ್ಣ ಪೂರ್ತಿ ದಪ್ಪದಲ್ಲೂ ಇರಲಿ, ಮೇಲಿನ ಪದರಕ್ಕೆ ಮಾತ್ರ ಕೊಟ್ಟರೆ ಕಲ್ಲು ತಾಗಿದಾಗ ಬೂದು ಕಾಣುತ್ತದೆ.

ಕಾನುಮನೆ, ಶಿರಸಿ

ಮಾದರಿ ಹಾಕಿಸುವುದು ಅಂತ ತೀರ್ಮಾನ ಆಯಿತು. ಮೇಸ್ತ್ರಿಗೂ ಖುಷಿ ಇದೆ, ಅವರ ಚಿಕ್ಕಪ್ಪ ಮೊದಲು ಕಾವಿ ನೆಲ ಮಾಡುತ್ತಿದ್ದರಂತೆ, ಅವರನ್ನೇ ಕರೆತರುತ್ತೇನೆ ಅಂದಿದ್ದಾರೆ. ಕೆಲಸದ ದಿನ ಇನ್ನೇನಾದರೂ ಗಮನಿಸಬೇಕಾ ಸರ್?

ಮೊಸಾಯಿಕ್ ಮೆಷಿನ್, ಮೈಸೂರು

ಅವರು ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಕಾಂಕ್ರೀಟ್ ಬೆಳಿಗ್ಗೆ 8ರ ಒಳಗೆ ಹಾಕಿ ಮುಗಿಸಿ. ಮಲೆನಾಡಿನ ತಂಪಿಗೆ ಸೆಟ್ ಆಗುವುದು ನಿಧಾನ, ಕೊನೆಯ ಕರಣೆ ಸುತ್ತು ಸಂಜೆಗೆ ಹೋಗಬಹುದು. ಬಲ್ಬಿನ ಬೆಳಕಿನಲ್ಲಿ ಹದ ಸರಿಯಾಗಿ ಕಾಣುವುದಿಲ್ಲ. ಹಸಿ ಸಿಮೆಂಟ್ ಚರ್ಮ ಸುಡುತ್ತದೆ, ಎಲ್ಲರಿಗೂ ಗ್ಲೌಸು, ಬೂಟು ಕೊಡಿಸಿ, ಬರಿಗಾಲಲ್ಲಿ ಇಳಿಯಲು ಬಿಡಬೇಡಿ. ಮೆಷಿನ್ ಹಾಕುವ ದಿನ ಒದ್ದೆ ನೆಲದ ಮೇಲೆ ಕರೆಂಟ್ ಇರುತ್ತದೆ, ಮನೆಯ ಮೇನ್ ಬೋರ್ಡಿನಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇದೆಯಾ ಅಂತ ಮೊದಲೇ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಒಣ ಉಜ್ಜುವುದಕ್ಕೆ ಮಾತ್ರ ಬಿಡಬೇಡಿ, ಆ ಧೂಳು ಶ್ವಾಸಕೋಶ ಹಾಳು ಮಾಡುತ್ತದೆ. ನೀರು ಹಾಕಿಯೇ ಉಜ್ಜಲಿ.

ಉಜ್ಜುವ ಮೊದಲು ಕಾಲುವೆಯ ತೂತಿಗೆ ಗೋಣಿ ಬಟ್ಟೆ ಬಿಗಿಯಾಗಿ ತುರುಕಿ. ಉಜ್ಜಿದ ಬೂದು ರಾಡಿ ಪೈಪಿನೊಳಗೆ ಹೋದರೆ ಬಾಗಿನಲ್ಲಿ ಕೂತು ಗಟ್ಟಿಯಾಗುತ್ತದೆ, ಆಮೇಲೆ ಹೊಸ ನೆಲ ಒಡೆದೇ ಪೈಪ್ ತೆಗೆಯಬೇಕಾಗುತ್ತದೆ. ರಾಡಿಯನ್ನು ಬಕೆಟ್ಟಿಗೆ ತೋಡಿ, ಬಾವಿಯಿಂದಲೂ ತೋಟದಿಂದಲೂ ದೂರ ಒಂದು ಗುಂಡಿ ತೆಗೆದು ಹಾಕಿ. ಮಾದರಿ ಆದ ಮೇಲೆ ಫೋಟೋ ಹಾಕಿ, ಒಂದು ಒದ್ದೆ ಇರುವಾಗ, ಒಂದು ಒಣಗಿದ ಮೇಲೆ.